ಮುಗ್ಗಿದ ಕಡಲೆಕಾಯಿ, ಅಟ್ಟದ ಹೊಗೆ

ಕಳೆದ ವರ್ಷ ಕಾರ್ತಿಕದಲ್ಲಿ ಪಾವಗಡದ ಸೋದರತ್ತೆಯ ಮನೆಯಿಂದ ಅರ್ಧ ಮೂಟೆ ಕಡಲೆಕಾಯಿ ಬಂದಿತ್ತು. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಅದನ್ನು ಇಡಲು ಇದ್ದ ಜಾಗ ಅಡುಗೆಮನೆಯ ಹಿಂದಿನ ಕಿರುಕೋಣೆಯೊಂದೇ. ಆ ಕೋಣೆಯ ಉತ್ತರದ ಗೋಡೆಗೂ ಪಕ್ಕದ ಮನೆಯ ಗೋಡೆಗೂ ನಡುವೆ ಕೈ ತೂರುವಷ್ಟು ಸಂದು ಮಾತ್ರ ಇರುವುದರಿಂದ ಅಲ್ಲಿಗೆ ಬಿಸಿಲೂ ಬಾರದು, ಗಾಳಿಯೂ ಬಾರದು. ಬಂದ ಕಾಯಿಯಲ್ಲಿ ಒಂದು ಪಾಲನ್ನು ಬೇಯಿಸಿ, ಹುರಿದು, ಚಟ್ನಿಪುಡಿ ಮಾಡಿ ಮುಗಿಸಿದೆವು. ಉಳಿದದ್ದನ್ನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಇನ್ನು ಹುಳದ ಕಾಟವಿಲ್ಲ ಎಂದುಕೊಂಡು ಮರೆತುಬಿಟ್ಟೆವು.

ಆಷಾಢದ ಮಳೆಯಲ್ಲಿ ಒಂದು ದಿನ ಮುಚ್ಚಳ ತೆಗೆದಾಗ ಕಮಟು ವಾಸನೆ ಮುಖಕ್ಕೆ ಬಡಿಯಿತು. ಮೇಲಿನ ಕಾಯಿಗಳು ನೋಡಲು ಚೆನ್ನಾಗಿಯೇ ಇದ್ದವು. ಒಂದನ್ನು ಬಿಡಿಸಿದರೆ ಬೀಜ ಕಂದಿ, ಸುಕ್ಕುಗಟ್ಟಿ, ಮೊಳಕೆಯ ತುದಿಯ ಬಳಿ ಹಸಿರು ಬೆರೆತ ಹಳದಿ ಪುಡಿ ಹತ್ತಿಕೊಂಡಿತ್ತು. ಅದರ ಪಕ್ಕದಲ್ಲಿದ್ದ ಇನ್ನೊಂದು ಕಾಯಿಯ ಬೀಜ ಹೊಲದಿಂದ ಈಗಷ್ಟೇ ಬಂದಂತೆ ನುಣ್ಣಗಿತ್ತು. ಡ್ರಮ್ಮನ್ನು ಪಕ್ಕಕ್ಕೆ ಸರಿಸಿದಾಗ ಅದರ ಹಿಂದಿನ ಗೋಡೆಯಲ್ಲಿ ಬಣ್ಣ ಗುಳ್ಳೆ ಎದ್ದು, ನೆಲದಿಂದ ಮೊಣಕಾಲೆತ್ತರದವರೆಗೆ ಕರಿ ಚುಕ್ಕೆಗಳು ಹರಡಿದ್ದವು. ಡ್ರಮ್ಮಿನ ಒಳಗಿದ್ದದ್ದೂ ಹೊರಗಿದ್ದದ್ದೂ ಒಂದೇ ಬಗೆಯ ಜೀವಿ, ಬೂಷ್ಟು. ಒಂದು ನಮ್ಮ ಅನ್ನಕ್ಕೆ ಸೇರುವುದು, ಮತ್ತೊಂದು ನಮ್ಮ ಉಸಿರಿಗೆ ಸೇರುವುದು. ಎರಡಕ್ಕೂ ಬೇಕಾದದ್ದು ತೇವ.

ಕಡಲೆಕಾಯಿ ತಿನ್ನುವ ಎಲ್ಲರಿಗೂ ಒಂದು ಅನುಭವವಿರುತ್ತದೆ. ಹತ್ತು ಸಿಹಿ ಬೀಜಗಳ ನಂತರ ಒಂದು ಕಹಿ ಬೀಜ ಬಾಯಿಗೆ ಸಿಕ್ಕಿ, ಅದನ್ನು ಉಗುಳಿ, ಬಾಯಿ ಸರಿಮಾಡಿಕೊಳ್ಳಲು ಮತ್ತೊಂದನ್ನು ಹಾಕಿಕೊಳ್ಳುತ್ತೇವೆ. ತಿಪಟೂರಿನ ಕಡೆಯವಳಾದ ನನ್ನಜ್ಜಿ ಬೀಜವನ್ನು ಮೊರದಲ್ಲಿ ಹರಡಿಕೊಂಡು ಜೊಳ್ಳು, ಮುಗ್ಗಲು, ಬಣ್ಣಗೆಟ್ಟದ್ದು, ಸಿಪ್ಪೆ ಸುಲಿದು ಕಪ್ಪಾದದ್ದು ಎಂದು ಆಯ್ದು ತೆಗೆಯುತ್ತಿದ್ದಳು. ಆಗ ಅದು ರುಚಿಯ ಮಾತೆಂದೇ ನಾನು ತಿಳಿದಿದ್ದೆ. ಆ ಆಯ್ಕೆಯ ಹಿಂದೆ ಯಕೃತ್ತಿನ ಕ್ಯಾನ್ಸರಿನ ಮಾತಿದೆ ಎಂಬುದು ಅಜ್ಜಿಗೆ ತಿಳಿದಿರಲಿಲ್ಲ. ಆಕೆ ಮದುವೆಯಾಗಿ ಬಂದ ಕಾಲಕ್ಕೆ ಜಗತ್ತಿನ ಯಾವ ವಿಜ್ಞಾನಿಗೂ ತಿಳಿದಿರಲಿಲ್ಲ.

ತಿಳಿಯತೊಡಗಿದ್ದು 1960ರಲ್ಲಿ, ಅದೂ ಕೋಳಿಗಳಿಂದ. ಇಂಗ್ಲೆಂಡಿನ ಸಾಕಣೆ ಕೇಂದ್ರಗಳಲ್ಲಿ ಆ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಅವುಗಳ ಮೇವಿನಲ್ಲಿ ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿ ಇದ್ದದ್ದು ಕಂಡುಬಂತು. ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬಿಟ್ಟುಹೋದ ವಿಷವಿತ್ತು. ಬೂಷ್ಟಿನ ಹೆಸರಿನಿಂದಲೇ ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಅದಕ್ಕೆ ರುಚಿಯಿಲ್ಲ, ವಾಸನೆಯೂ ಇಲ್ಲ. ನಮ್ಮ ಮೂಗಿಗೆ ಬಡಿಯುವುದು ಬೂಷ್ಟಿನ ವಾಸನೆಯೇ ಹೊರತು ವಿಷದ್ದಲ್ಲ. ಬೂಷ್ಟು ಒಣಗಿ ಉದುರಿಹೋದ ಮೇಲೂ ವಿಷ ಉಳಿದಿರಬಹುದು. ನಮ್ಮ ಒಲೆಗಳ ಸಾಮಾನ್ಯ ಶಾಖಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ. ಹುರಿದರೆ ಕಡಿಮೆಯಾಗುತ್ತದೆ, ಅಷ್ಟೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಟಾಕ್ಸಿನ್‌ಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿನಲ್ಲಿ ಇರಿಸಿದೆ.

ಕೋಳಿಗಳ ಕಥೆಗಿಂತ ನಮಗೆ ಹತ್ತಿರದ ಕಥೆ 1974ರದ್ದು. ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಆ ವರ್ಷ ಮುಸುಕಿನ ಜೋಳದ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂತು. ನೆನೆದ ತೆನೆಯನ್ನು ಸರಿಯಾಗಿ ಒಣಗಿಸಲಾಗದೆ ಮನೆಯೊಳಗೆ ತುಂಬಿಕೊಂಡ ಬಡ ಆದಿವಾಸಿ ಕುಟುಂಬಗಳು, ತಿನ್ನಲು ಬೇರೇನೂ ಇಲ್ಲದ್ದರಿಂದ, ಅದನ್ನೇ ವಾರಗಟ್ಟಲೆ ತಿಂದವು. ಕಾಮಾಲೆಯಾಗಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಸುಮಾರು 400 ಮಂದಿಯಲ್ಲಿ 106 ಜನ ತೀರಿಕೊಂಡರು. ಅದೇ ರೊಟ್ಟಿ ತಿಂದ ನಾಯಿಗಳಿಗೂ ಅದೇ ರೋಗ ಬಂದು ಸತ್ತವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಹೋಗಿ ಜೋಳವನ್ನು ಪರೀಕ್ಷಿಸಿದ ಮೇಲೆ ಕಾರಣ ಹೊರಬಿತ್ತು. ಇಂಥ ದೊಡ್ಡ ಸಾವುಗಳು ಅಪರೂಪ. ಇದಕ್ಕಿಂತ ವ್ಯಾಪಕವಾದದ್ದು ದಿನವೂ ಚೂರುಚೂರು ಒಳಹೋಗಿ, ಇಪ್ಪತ್ತು ಮೂವತ್ತು ವರ್ಷಗಳ ನಂತರ ಯಾವ ಊಟದ ಫಲವೆಂದು ಯಾರೂ ತೋರಿಸಲಾಗದ ಕಾಯಿಲೆ. ಹೆಪಟೈಟಿಸ್ ಬಿ ಸೋಂಕು ಇರುವವರಲ್ಲಿ ಈ ವಿಷದ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಹಾಗಾಗಿ, ವಿಚಿತ್ರವೆನಿಸಿದರೂ, ಹುಟ್ಟಿದ ಮಗುವಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆಯು ಮುಗ್ಗಿದ ಕಾಳಿನ ವಿರುದ್ಧ ನಮ್ಮ ಸರ್ಕಾರಗಳು ಕೈಗೊಂಡ ಅತ್ಯಂತ ಪರಿಣಾಮಕಾರಿ ಕ್ರಮಗಳಲ್ಲಿ ಒಂದು ಎಂದು ನಾನು ಭಾವಿಸುತ್ತೇನೆ.

ಡ್ರಮ್ಮಿನಲ್ಲಿ ಒಂದು ಕಾಯಿ ಕೆಟ್ಟು ಪಕ್ಕದ್ದು ಚೆನ್ನಾಗಿದ್ದದ್ದನ್ನು ಹೇಳಿದೆನಲ್ಲ, ಈ ವಿಷಯದ ಇಡೀ ತೊಡಕು ಇರುವುದೇ ಅಲ್ಲಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ನೇರವಾಗಿ ತಿನ್ನುವ ಬೀಜದಲ್ಲಿ ಒಟ್ಟು ಅಫ್ಲಟಾಕ್ಸಿನ್ ಕಿಲೋಗೆ 10 ಮೈಕ್ರೋಗ್ರಾಂ, ಮುಂದೆ ಸಂಸ್ಕರಣೆಗೆ ಹೋಗುವ ಬೀಜದಲ್ಲಿ 15 ಮೈಕ್ರೋಗ್ರಾಂ ಮೀರಬಾರದು. ಒಂದು ಕಿಲೋ ಕಡಲೆಬೀಜದಲ್ಲಿ ಸರಿಸುಮಾರು ಎರಡು ಸಾವಿರ ಬೀಜಗಳಿರುತ್ತವೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ 1,999 ಬೀಜಗಳು ಶುದ್ಧವಾಗಿದ್ದು, ಅರ್ಧ ಗ್ರಾಂ ತೂಗುವ ಒಂದೇ ಒಂದು ಬೀಜದಲ್ಲಿ 50 ಮೈಕ್ರೋಗ್ರಾಂ ವಿಷವಿದ್ದರೆ ಇಡೀ ಕಿಲೋ ಮಿತಿಯ ಐದು ಪಟ್ಟಾಗಿಬಿಡುತ್ತದೆ. ಅಷ್ಟು ವಿಷ ತುಂಬಿದ ಬಿಡಿ ಬೀಜಗಳು ಪ್ರಯೋಗಾಲಯಗಳಲ್ಲಿ ನಿಜವಾಗಿಯೂ ಸಿಕ್ಕಿವೆ. ಮೂಟೆಗೆ ಕೈಹಾಕಿ ತೆಗೆದ ಹಿಡಿಯಲ್ಲಿ ಆ ಒಂದು ಬೀಜ ಬಂದರೆ ಮೂಟೆ ತಿರಸ್ಕೃತ, ಬಾರದಿದ್ದರೆ ಪುರಸ್ಕೃತ. ಒಂದೇ ಲಾರಿಯ ಸರಕಿಗೆ ಎರಡು ಪ್ರಯೋಗಾಲಯಗಳು ಎರಡು ಫಲಿತಾಂಶ ಕೊಟ್ಟಾಗ ಲಂಚದ ಅನುಮಾನ ಮೊದಲು ಬರುತ್ತದೆ. ಹಲವು ಸಲ ಅದು ಮಾದರಿ ತೆಗೆಯುವ ಲೆಕ್ಕದ ಕಷ್ಟವಷ್ಟೇ ಆಗಿರುತ್ತದೆ. ಅಜ್ಜಿಯ ಮೊರ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತಿತ್ತು. ಎರಡು ಸಾವಿರದಲ್ಲಿ ಒಂದನ್ನು ಅದು ಪರೀಕ್ಷಿಸುತ್ತಿರಲಿಲ್ಲ, ಎರಡು ಸಾವಿರವನ್ನೂ ಒಂದೊಂದಾಗಿ ನೋಡುತ್ತಿತ್ತು.

ಪಾವಗಡ, ಚಳ್ಳಕೆರೆ, ಚಿತ್ರದುರ್ಗದ ಸೀಮೆಯಲ್ಲಿ ಈ ವಿಷ ರೈತನ ಅಲಕ್ಷ್ಯದಿಂದ ಬರುತ್ತದೆ ಎನ್ನುವುದು ಅರ್ಧ ಸತ್ಯ. ಮಳೆಯನ್ನೇ ನಂಬಿದ ಹೊಲದಲ್ಲಿ ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ, ಬಾಯಾರಿದ ಗಿಡ ತನ್ನ ಕಾಯಿಯನ್ನು ಕಾಪಾಡಿಕೊಳ್ಳಲಾರದೆ, ಮಣ್ಣಿನಲ್ಲೇ ಇರುವ ಬೂಷ್ಟಿಗೆ ಒಳಗೆ ಹೋಗಲು ದಾರಿಯಾಗುತ್ತದೆ. ಅಂದರೆ ಕಿತ್ತು ರಾಶಿ ಹಾಕುವ ಮೊದಲೇ ಕೆಡುಕು ಶುರುವಾಗಿರಬಹುದು. ಕಿತ್ತ ಮೇಲೆ ಮಳೆ ಬಂದರೆ ಎರಡನೆಯ ಪೆಟ್ಟು. ಮೂರನೆಯದು ಮಾತ್ರ ಮನುಷ್ಯರು ತಿಳಿದೇ ಮಾಡುವಂಥದ್ದು: ಯಂತ್ರದಲ್ಲಿ ಸಿಪ್ಪೆ ಒಡೆಯುವಾಗ ಬೀಜ ಹೋಳಾಗದಿರಲಿ ಎಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ರೂಢಿ. ವಾರಗಟ್ಟಲೆ ಬಿಸಿಲಲ್ಲಿ ಒಣಗಿಸಿದ್ದನ್ನು ಒಂದು ಬಿಂದಿಗೆ ನೀರು ಹಾಳುಮಾಡುತ್ತದೆ; ಜೊತೆಗೆ ಒಂದಿಷ್ಟು ತೂಕವೂ ಬರುತ್ತದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಯಿಯನ್ನು ಕಿವಿಯ ಬಳಿ ಅಲುಗಿಸಿದರೆ ಬೀಜ ಗಲಗಲ ಎನ್ನಬೇಕು, ಬೀಜವನ್ನು ಬೆರಳಲ್ಲಿ ಉಜ್ಜಿದರೆ ಮೇಲಿನ ಕೆಂಪು ಪೊರೆ ಸಲೀಸಾಗಿ ಬಿಡಬೇಕು ಎಂದು ನಮ್ಮತ್ತೆ ಹೇಳುವುದುಂಟು. ನಮಗೆ ಕಳಿಸಿದ ಕಾಯಿಯನ್ನು ನಾನು ಅಲುಗಿಸಿ ನೋಡಲಿಲ್ಲ. ಬೆಂಗಳೂರಿಗೆ ಬಸ್ಸು ಹೊರಡುವ ಆತುರದಲ್ಲಿ ಅರೆ ಒಣಗಿದ್ದನ್ನೇ ತುಂಬಿದ್ದರೆಂದು ಆಮೇಲೆ ತಿಳಿಯಿತು.

ಈಗ ಕಾನೂನಿನ ಕಡೆ ನೋಡೋಣ. ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದ್ದು. ಅದರ 18ನೇ ಕಲಮು ರೈತರಿಗೆ, ಬೇಸಾಯದ ಕೆಲಸಕ್ಕೆ, ಬೆಳೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ. ಇದು ನ್ಯಾಯವೇ ಆಗಿದೆ. ಕಣದಲ್ಲಿ ನಿಂತ ರೈತನ ಮೇಲೆ ಇನ್‌ಸ್ಪೆಕ್ಟರನನ್ನು ಛೂ ಬಿಡುವುದರಿಂದ ಯಾರಿಗೂ ಒಳಿತಾಗದು. ಆದರೆ ಅದೇ ಕಾಯ್ದೆ ಆಹಾರ ಎಂಬ ಪದವನ್ನು ವ್ಯಾಖ್ಯಾನಿಸುವಾಗ ದನಕರುಗಳ ಮೇವನ್ನೂ ಹೊರಗಿಟ್ಟಿದೆ. ಈ ಎರಡನೆಯ ಸಾಲು ನನಗೆ ನುಂಗಲಾಗದ್ದು. ಏಕೆಂದರೆ, ಆಯ್ದು ತೆಗೆದ ಕೆಟ್ಟ ಬೀಜ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ನಾವು ಕೇಳುವುದಿಲ್ಲ, ಕಾನೂನೂ ಕೇಳುತ್ತಿಲ್ಲ.

ಅದು ಗಾಣಕ್ಕೆ ಹೋಗುತ್ತದೆ. ತಿನ್ನಲು ಬಾರದ ಜೊಳ್ಳು, ಮುಗ್ಗು, ಹೋಳು ಎಲ್ಲವೂ ಕಡಿಮೆ ದರಕ್ಕೆ ಎಣ್ಣೆಗೆ ಮಾರಾಟವಾಗುತ್ತವೆ. ಅರೆದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ನಿಲ್ಲುತ್ತದೆ, ಸ್ವಲ್ಪ ಎಣ್ಣೆಗೆ ಇಳಿಯುತ್ತದೆ. ಕಾರ್ಖಾನೆಯ ರಿಫೈನ್ಡ್ ಎಣ್ಣೆಯಲ್ಲಿ ಕ್ಷಾರ ಹಾಕಿ ಶುದ್ಧೀಕರಿಸುವ ಹಂತದಲ್ಲಿ ಅದೂ ಹೊರಟುಹೋಗುತ್ತದೆ. ಗಾಣದ ಎಣ್ಣೆಯಲ್ಲಿ ಆ ಹಂತವೇ ಇಲ್ಲ, ಇಲ್ಲದಿರುವುದೇ ಅದರ ಹೆಗ್ಗಳಿಕೆ. ಬೆಂಗಳೂರಿನ ಬಡಾವಣೆಗಳಲ್ಲಿ ಕಣ್ಣೆದುರೇ ಮರದ ಗಾಣ ತಿರುಗಿಸಿ ಎಣ್ಣೆ ಕೊಡುವ ಅಂಗಡಿಗಳು ತುಂಬಿಕೊಂಡಿವೆ; ನಾನೂ ಆ ಘಮಕ್ಕೆ ಮಾರುಹೋದವನೇ, ಇಂದಿಗೂ ಒಗ್ಗರಣೆಗೆ ಅದೇ ಎಣ್ಣೆ. ಆದರೆ ಅಲ್ಲಿ ಗಿರಾಕಿಗಳು ಗಾಣದ ಮರ ಯಾವುದು, ಎಷ್ಟು ಸುತ್ತು, ಬಿಸಿ ಎಷ್ಟು ಎಂದು ಕೇಳುತ್ತಾರೆಯೇ ವಿನಾ ಒಳಗೆ ಸುರಿದ ಬೀಜವನ್ನು ಯಾರು ಆಯ್ದರು ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ರಿಫೈನರಿ ಇಲ್ಲದ ಎಣ್ಣೆಗೆ ಬೀಜವೇ ಮೊದಲ ಮತ್ತು ಕೊನೆಯ ಜರಡಿ.

ಹಿಂಡಿ ಹಸುವಿನ ಬಾನಿಗೆ ಹೋಗುತ್ತದೆ. ಈ ವಿಷದ ಮುಖ್ಯ ರೂಪ ಅಫ್ಲಟಾಕ್ಸಿನ್ ಬಿ1. ಹಸು ತಿಂದ ಬಿ1ರಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ಎಂ1 ಎಂಬ ರೂಪದಲ್ಲಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಪಾಶ್ಚರೀಕರಿಸಿದರೂ ಅದು ಹೋಗುವುದಿಲ್ಲ. ಕೆಟ್ಟ ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ತಾನಾಗಿ ಶುದ್ಧವಾಗುತ್ತದೆ ಎಂಬುದು ಈ ಕಥೆಯಲ್ಲಿರುವ ಒಂದೇ ಒಳ್ಳೆಯ ಸುದ್ದಿ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷಿಸಿತು. ವಾಟ್ಸಾಪಿನಲ್ಲಿ ಯೂರಿಯಾ ಹಾಲು, ಡಿಟರ್ಜೆಂಟ್ ಹಾಲಿನ ವಿಡಿಯೊಗಳನ್ನು ನೋಡಿ ಬೆಚ್ಚಿದ್ದ ನಮಗೆ ಅದರ ಫಲಿತಾಂಶ ಅನಿರೀಕ್ಷಿತವಾಗಿತ್ತು: ಸುರಕ್ಷತೆಗೆ ಧಕ್ಕೆ ತರುವ ಕಲಬೆರಕೆ ಸಿಕ್ಕಿದ್ದು 12 ಮಾದರಿಗಳಲ್ಲಿ, ಅಫ್ಲಟಾಕ್ಸಿನ್ ಎಂ1 ಮಿತಿ ಮೀರಿದ್ದು 368 ಮಾದರಿಗಳಲ್ಲಿ. ಕಿಡಿಗೇಡಿಯೊಬ್ಬ ಬೇಕೆಂದೇ ಬೆರೆಸುವ ವಿಷಕ್ಕೆ ನಾವು ಹೆದರುತ್ತೇವೆ, ಸಿಟ್ಟಾಗುತ್ತೇವೆ. ಯಾರೂ ಬೆರೆಸದೆ, ಒಂದು ಗೋದಾಮಿನ ತೇವದಲ್ಲಿ ತಾನಾಗಿ ಹುಟ್ಟುವ ವಿಷಕ್ಕೆ ಸಿಟ್ಟಾಗಲು ಎದುರಿಗೆ ಮುಖವಿಲ್ಲ. ಹಾಲಿನಲ್ಲಿ ಎಂ1 ಮಿತಿ ನಮ್ಮಲ್ಲಿ ಲೀಟರಿಗೆ ಸುಮಾರು ಅರ್ಧ ಮೈಕ್ರೋಗ್ರಾಂ. ಐರೋಪ್ಯ ಒಕ್ಕೂಟದಲ್ಲಿ ಅದರ ಹತ್ತನೇ ಒಂದು ಪಾಲು. ನಮ್ಮ ಮಿತಿಯೇ ಸಡಿಲವೆಂದು ಗೊಣಗುವುದಕ್ಕಿಂತ, ಹಾಲನ್ನು ಅಳೆದು ಹಿಂಡಿಯನ್ನು ಬಿಟ್ಟಿರುವುದು ಯಾಕೆಂದು ಕೇಳುವುದು ಹೆಚ್ಚು ಉಪಯುಕ್ತ.

ಇನ್ನು ಅಟ್ಟದ ಮಾತು. ಅಜ್ಜಿಯ ಮನೆಯಲ್ಲಿ ಕಾಳುಕಡ್ಡಿ ಕೆಟ್ಟದ್ದು ನನಗೆ ನೆನಪಿಲ್ಲ. ತಿಪಟೂರು ಸೀಮೆಯಲ್ಲಿ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಬಿಟ್ಟು ಉಂಡೆ ಕೊಬ್ಬರಿ ಮಾಡುವುದು ಇಂದಿಗೂ ಇದೆ. ನಮ್ಮ ಮನೆಯಲ್ಲಿ ಆ ಅಟ್ಟದ ಒಂದು ಭಾಗ ಅಡುಗೆಮನೆಯ ಮೇಲೇ ಇತ್ತು. ಬಿದಿರಿನ ಸಂದುಗಳಿಂದ ಒಲೆಯ ಹೊಗೆ ಮೇಲೇರಿ ಕಾಯಿಗಳ ನಡುವೆ ಸುಳಿದು, ಹೆಂಚಿನ ಸಂದಿನಿಂದ ಹೊರಹೋಗುತ್ತಿತ್ತು. ಮುಂದಿನ ವರ್ಷದ ಬಿತ್ತನೆಗೆಂದು ಕಟ್ಟಿಟ್ಟ ಜೋಳದ ತೆನೆ, ಅವರೆ ಬೀಜ, ಸೋರೆಬುರುಡೆ, ಕಡಲೆಕಾಯಿಯ ಗಂಟು ಎಲ್ಲವೂ ಅದೇ ಹೊಗೆಯಲ್ಲಿ ತೂಗುತ್ತಿದ್ದವು. ಜಂತಿಗಳಿಂದ ಇಲ್ಲಣ ಜೋಲುತ್ತಿತ್ತು, ಮುಟ್ಟಿದರೆ ಕೈಗೆ ಮಸಿಯ ಜಿಗುಟು. ಆ ಹೊಗೆಯ ಒಣ ಶಾಖಕ್ಕೆ ಬೂಷ್ಟೂ ಬರುತ್ತಿರಲಿಲ್ಲ, ಹುಳವೂ ಬರುತ್ತಿರಲಿಲ್ಲ. ಹಳಬರ ಜಾಣ್ಮೆಯನ್ನು ಹೊಗಳುವ ಲೇಖನಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ.

ಕಾಳನ್ನು ಕಾಯ್ದ ಹೊಗೆ ಅಟ್ಟಕ್ಕೆ ಹೋಗುವ ಮೊದಲು ಅಜ್ಜಿಯ ಶ್ವಾಸಕೋಶದ ಮೂಲಕ ಹಾದುಹೋಗುತ್ತಿತ್ತು ಎಂಬುದನ್ನೂ ಹೇಳಬೇಕಲ್ಲವೇ? ಊದುಕೊಳವೆಗೆ ಬಾಯಿಟ್ಟು ಉಫ್ ಎಂದು ಊದಿ, ಮರಳಿ ಉಸಿರೆಳೆದುಕೊಳ್ಳುವ ಕ್ಷಣದಲ್ಲಿ ಆಕೆಯ ಮುಖ ಹೊಗೆಯೊಳಗೇ ಇರುತ್ತಿತ್ತು. ವೈದ್ಯರು ಇದನ್ನು ಅಳೆಯಲು ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ: ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಅಂಥ ವರ್ಷಗಳಿಂದ ಗುಣಿಸುವುದು. ಮೈಸೂರು ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ಸಂಖ್ಯೆ 60 ಮುಟ್ಟಿದ ಮೇಲೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ ಎಂದು ತೋರಿಸಿತು. ಅಜ್ಜಿಯದನ್ನು ಲೆಕ್ಕ ಹಾಕಿದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಐವತ್ತು ವರ್ಷ. ಹಂಡೆಯ ಒಲೆಯನ್ನು ಬಿಟ್ಟರೂ 200 ಆಗುತ್ತದೆ. ಅವಳ ಕೊನೆಯ ಹತ್ತು ವರ್ಷಗಳ ಕೆಮ್ಮನ್ನು ನಾವು ವಯಸ್ಸಿನ ಕೆಮ್ಮು ಎನ್ನುತ್ತಿದ್ದೆವು. ಬೀಡಿ ಸೇದುತ್ತಿದ್ದ ಅಜ್ಜನ ಕೆಮ್ಮಿಗೆ ಮಾತ್ರ ಕಾರಣ ಹುಡುಕಿದ್ದೆವು.

ಒಲೆಯ ಹೊಗೆಯನ್ನು ಯಂತ್ರವಿಟ್ಟು ಅಳೆಯಬೇಕೆಂದು ಹೊಳೆದದ್ದೇ ತಡವಾಗಿ. ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಗೆ ಅಳೆಯುವ ಸಾಧನ ಕಟ್ಟಿ ಈ ಕೆಲಸಕ್ಕೆ ಕೈಹಾಕಿದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಇಂಧನದ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಸಾವುಗಳಾಗಿವೆ. ಆದರೆ ನಮ್ಮ ತುಮಕೂರು ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹೆಮ್ಮೆಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯುವ ಅಸ್ತ್ರ ಕೇಂದ್ರವು ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಬೀಡುಬಿಟ್ಟು, ಹಳ್ಳಿಯ ಉರುವಲಿನ ಲೆಕ್ಕವನ್ನು ಕಟ್ಟಿಗೆಯ ಹೊರೆಯಲ್ಲೇ ತೂಗಿ, ಕೊನೆಗೆ ಮೂರು ಬಾಯಿಯ, ಹೊಗೆಗೂಡಿನ ಅಸ್ತ್ರ ಒಲೆಯನ್ನು ಕೊಟ್ಟಿತು. ನಮ್ಮ ಮನೆಗೂ ಅದು ಬಂತು. ಎರಡು ವರ್ಷ ಅಜ್ಜಿ ಅದನ್ನು ಮುದ್ದಿನಿಂದ ಸಾರಿಸಿದಳು. ಆಮೇಲೆ ಹೊಗೆಗೂಡಿನಲ್ಲಿ ಮಸಿ ಕಟ್ಟಿತು, ಒಳಗಿನ ತುರಿ ಮುರಿಯಿತು, ಕಟ್ಟಿದ ಗಾರೆಯವನು ಮತ್ತೆ ಆ ಕಡೆ ಬರಲಿಲ್ಲ, ಹೊಗೆ ಮರಳಿ ಒಲೆಯ ಬಾಯಿಗೇ ಬಂತು. ಇಡೀ ದೇಶದಲ್ಲಿ 1980ರ ದಶಕದಿಂದ 2002ರವರೆಗೆ ನಡೆದ ಸುಧಾರಿತ ಒಲೆಯ ಕಾರ್ಯಕ್ರಮದ ಕಥೆಯೂ ಬಹುಪಾಲು ಹೀಗೇ: ಎಷ್ಟು ಒಲೆ ಕಟ್ಟಿದೆವೆಂದು ಎಣಿಸಿದರು, ಎಷ್ಟು ಉರಿಯುತ್ತಿವೆ ಎಂದು ಎಣಿಸಲಿಲ್ಲ. ನಮ್ಮ ಒಲೆಗೆ ಜೋಡಿಸಿದ್ದ ಹೊಗೆಕೊಳವೆ ಕಲ್ನಾರಿನದು ಎಂಬುದು ನೆನಪಾದಾಗ ನಗುವೂ ಬರುತ್ತದೆ. ಆ ಕಲ್ನಾರೂ ಅದೇ ಕ್ಯಾನ್ಸರ್ ಪಟ್ಟಿಯ ಮೊದಲ ಗುಂಪಿನಲ್ಲಿದೆ.

2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಶುರುವಾದ ಉಜ್ವಲಾ ಯೋಜನೆ ಅನಿಲದ ಸಂಪರ್ಕವನ್ನು ಬಡವರ ಮನೆಗೆ ತಂದದ್ದು ದೊಡ್ಡ ಕೆಲಸ. 2019ರ ಸೆಪ್ಟೆಂಬರ್ ಹೊತ್ತಿಗೆ ಎಂಟು ಕೋಟಿ ಸಂಪರ್ಕಗಳಾಗಿದ್ದವು. ಹಳೆಯ ತಪ್ಪು ಮರುಕಳಿಸುವ ಜಾಗ ಇಲ್ಲಿಯೂ ಇದೆ. ಸಂಪರ್ಕ ಬೇರೆ, ಎರಡನೆಯ ಸಿಲಿಂಡರ್ ಬೇರೆ, ಹಂಡೆಯ ನೀರು ಕಾಯಿಸುವುದಂತೂ ಇನ್ನೂ ಬೇರೆ. ನಮ್ಮೂರಿನಲ್ಲಿ ಕಾಫಿಗೆ, ಒಗ್ಗರಣೆಗೆ ಗ್ಯಾಸು. ಮುದ್ದೆಗೆ, ಸ್ನಾನಕ್ಕೆ ಸೌದೆ ಎಂಬ ಒಪ್ಪಂದ ಹೆಚ್ಚಿನ ಮನೆಗಳಲ್ಲಿ ನಡೆದುಕೊಂಡು ಬಂದಿದೆ.

ಹೊಗೆ ಹೋದದ್ದು ಒಳ್ಳೆಯದಾಯಿತು. ಆದರೆ ಅದು ಮಾಡುತ್ತಿದ್ದ ಒಂದು ಕೆಲಸ ನಿಂತುಹೋದದ್ದನ್ನು ಯಾವ ಯೋಜನೆಯೂ ಗಮನಿಸಲಿಲ್ಲ. ಗ್ಯಾಸ್ ಬಂದ ಮೇಲೆ ಅಟ್ಟ ತಣ್ಣಗಾಯಿತು, ಆರ್‌ಸಿಸಿ ಬಂದ ಮೇಲೆ ಹೆಂಚಿನ ಸಂದು ಮುಚ್ಚಿತು, ಕಾಳಿಗೆ ಹುಳ ಬಂತು. ಹುಳಕ್ಕೆ ಪೇಟೆಯಿಂದ ಮಾತ್ರೆ ಬಂತು. ಅಲ್ಯೂಮಿನಿಯಂ ಫಾಸ್ಫೈಡಿನ ಮೂರು ಗ್ರಾಮಿನ ಒಂದು ಮಾತ್ರೆ ಗಾಳಿಯ ತೇವ ತಾಗಿ ಒಂದು ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಅದನ್ನು ಗೋದಾಮುಗಳಲ್ಲಿ ತರಬೇತಾದವರು ಮಾತ್ರ ಬಳಸಬೇಕೆಂಬ ನಿರ್ಬಂಧ ಇದೆ. ಮಾತ್ರೆ ಹಾಕಿದ ಮೂಟೆಗಳಿದ್ದ ಕೋಣೆಯಲ್ಲಿ ಮಲಗಿದವರು ಬೆಳಗಾಗುವಷ್ಟರಲ್ಲಿ ಸತ್ತ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಹಿಂದೆ ರಾಗಿ ತುಂಬಿದ ಹಗೇವನ್ನು, ಅಂದರೆ ನೆಲದೊಳಗಿನ ಕಣಜವನ್ನು, ತೆರೆದಾಗ ಯಾರೂ ಕೂಡಲೇ ಇಳಿಯುತ್ತಿರಲಿಲ್ಲ. ಒಂದು ಹೊತ್ತು ಬಿಸಿಗಾಳಿ ಹೋಗಲು ಬಿಟ್ಟು, ದೀಪವನ್ನು ಹಗ್ಗದಲ್ಲಿ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಮಾತ್ರೆಯ ಜೊತೆ ಅಂಥ ದೀಪವನ್ನು ಯಾರೂ ಕಲಿಸಿಕೊಡಲಿಲ್ಲ.

ಪೇಟೆಯ ಮನೆಗಳ ಗಾಳಿಗಂತೂ ಹೇಳುವವರು ಕೇಳುವವರು ಇಲ್ಲ. 2009ರ ರಾಷ್ಟ್ರೀಯ ಮಾನದಂಡದಲ್ಲಿ ಸೂಕ್ಷ್ಮ ಕಣಗಳ ಮಿತಿ ಘನ ಮೀಟರಿಗೆ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂ ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದು 5 ಇರಬೇಕೆಂದಿತು. ಎಷ್ಟೇ ಇರಲಿ, ನಮ್ಮ ಮಾನದಂಡ ಇರುವುದು ಹೊರಗಿನ ಗಾಳಿಗೆ. ನಾವು ದಿನದ ಹೆಚ್ಚಿನ ಹೊತ್ತು ಉಸಿರಾಡುವ ಒಳಗಿನ ಗಾಳಿಗೆ ಕಾನೂನಿನ ಮಿತಿ ಇಲ್ಲ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಾಗ ಬಿಡುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರ ಅಧ್ಯಯನವೊಂದು ಅಳೆದಿತ್ತು. ಮಗುವನ್ನು ಮಲಗಿಸಿ, ಕಿಟಕಿ ಮುಚ್ಚಿ, ಬತ್ತಿ ಹಚ್ಚುವ ಮನೆಗಳಲ್ಲಿ ನಮ್ಮದೂ ಒಂದಾಗಿತ್ತು. ತೇವದ ಗೋಡೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಎಷ್ಟು ಬೂಷ್ಟು ಸುರಕ್ಷಿತ ಎಂದು ಅದು ಅಂಕಿ ಕೊಡುವುದಿಲ್ಲ. ತೇವವನ್ನೇ ತಡೆಯಿರಿ, ಕಂಡ ಬೂಷ್ಟನ್ನು ತೆಗೆಯಿರಿ ಎನ್ನುತ್ತದೆ. ತೇವದ ಮನೆಗಳಲ್ಲಿ ಕೆಮ್ಮು, ಉಬ್ಬಸ ಹೆಚ್ಚು ಎಂಬುದಕ್ಕೆ ಸಾಕಷ್ಟು ಆಧಾರ ಅದರಲ್ಲಿದೆ.

ಈ ಮಾತನ್ನು ಕಾನೂನಾಗಿಸಿದ ದೇಶವೊಂದಿದೆ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ಸಾಮಾಜಿಕ ವಸತಿಯ, ಅಂದರೆ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ, ಬೂಷ್ಟು ಹಿಡಿದ ಮನೆಯಲ್ಲಿದ್ದು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ತಂದೆ ಹಲವು ಸಲ ದೂರಿದಾಗ ಸಿಕ್ಕಿದ್ದ ಉತ್ತರ, ಬಣ್ಣ ಬಳಿಯಿರಿ ಎಂದು. ಸಾವಿಗೆ ಬೂಷ್ಟೇ ಕಾರಣವೆಂದು 2022ರಲ್ಲಿ ವಿಚಾರಣಾಧಿಕಾರಿ ತೀರ್ಮಾನಿಸಿದರು. ಆ ಮಗುವಿನ ಹೆಸರಿನಲ್ಲೇ ಬಂದ ನಿಯಮ 2025ರ ಅಕ್ಟೋಬರಿನಿಂದ ಜಾರಿಯಲ್ಲಿದೆ: ಗಂಭೀರ ತೇವ, ಬೂಷ್ಟಿನ ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ಸಾಮಾಜಿಕ ವಸತಿಯ ಮಾಲೀಕ ಸಂಸ್ಥೆ ತನಿಖೆ ಮಾಡಬೇಕು, ತುರ್ತಾದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ಆ ದೇಶದ ನಿಯಮವನ್ನು ಯಥಾವತ್ತಾಗಿ ಇಲ್ಲಿ ನೆಡಬೇಕೆಂದು ನಾನು ಹೇಳಲಾರೆ. ಬೆಂಗಳೂರಿನ ಬಾಡಿಗೆದಾರನಿಗೆ ಹನ್ನೊಂದು ತಿಂಗಳ ಕರಾರೇ ಭಗವದ್ಗೀತೆ. ನಮ್ಮ ಮಾಲೀಕರಿಗೆ ಗೋಡೆಯ ಫೋಟೊ ಕಳಿಸಿದಾಗ ಅವರೂ ಬಣ್ಣದವನನ್ನೇ ಕಳಿಸಿದರು. ಅವನು ಕರಿ ಚುಕ್ಕೆಯ ಮೇಲೆ ಎರಡು ಕೋಟ್ ಬಿಳಿ ಬಳಿದು ಹೋದ. ಮುಂಗಡದಲ್ಲಿ ಬಣ್ಣದ ಖರ್ಚು ಕಡಿತವಾಗುತ್ತದೆಂದು ಆಮೇಲೆ ತಿಳಿಯಿತು. ತೇವ ಬರುತ್ತಿದ್ದದ್ದು ಸಂದಿನೊಳಗೆ ಒಡೆದಿದ್ದ ಮಳೆನೀರಿನ ಪೈಪಿನಿಂದ. ಅದನ್ನು ನಾನೇ ಪ್ಲಂಬರ್ ಕರೆಸಿ ಸರಿಮಾಡಿಸಿದ ಮೇಲೆ ಒಂದೂವರೆ ತಿಂಗಳಿಗೆ ಗೋಡೆ ಒಣಗಿತು.

ಡ್ರಮ್ಮಿನ ಕಾಯಿಯನ್ನು ತಾರಸಿಯ ಮೇಲೆ ಹರಡಿ ಒಂದು ಭಾನುವಾರವೆಲ್ಲ ಬಿಡಿಸಿದೆವು. ಚೆನ್ನಾಗಿ ಕಂಡ ಬೀಜವನ್ನೂ ತಿನ್ನುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ನಮ್ಮ ಬೀದಿಗೆ ದಿನವೂ ಹಾಲು ಹಾಕುವವರು ಮೇಲೆ ಬಂದು, ಚೀಲ ನೋಡಿ, ಹಾಳು ಮಾಡುವುದೇಕೆ, ನಮ್ಮ ಹಸುವಿಗೆ ಕೊಡಿ, ರುಬ್ಬಿ ಬೂಸಾಕ್ಕೆ ಬೆರೆಸುತ್ತೇನೆ ಎಂದರು. ಕೊಡುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು; ಬೆಳೆದ ವಸ್ತುವನ್ನು ಎಸೆಯುವುದು ನಮ್ಮತ್ತೆಗೆ ತಿಳಿದರೆ ಅವರಿಗೂ ಆಗುತ್ತದೆ. ಹಾಲಿನವರನ್ನು ಕೂರಿಸಿ, ಈ ಬೀಜ ಹಸುವಿನ ಹೊಟ್ಟೆಯಿಂದ ಮತ್ತೆ ನಮ್ಮ ಮನೆಯ ಲೋಟಕ್ಕೇ ಬರುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ನಾವು ಅಂಗಡಿಯಿಂದ ತರುವ ಹಿಂಡಿಯನ್ನು ಯಾರು ನೋಡಿರುತ್ತಾರೆ ಸ್ವಾಮಿ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಇಬ್ಬರೂ ಸೇರಿ ಚೀಲವನ್ನು ಕೆಳಗಿಳಿಸಿ, ಕಾಂಪೌಂಡಿನ ಮೂಲೆಯಲ್ಲಿ ಎರಡಡಿ ಗುಂಡಿ ತೆಗೆದು ಮುಚ್ಚಿದೆವು.